‘ತಕಾಇ ದೆಶಿತ’ ಏಕೆ ತಪ್ಪು? ಜಪಾನಿ ಭಾಷೆಯ ಇ-ಗುಣವಾಚಕಗಳ ಚರ್ಚೆ

ಕಲಿಕಾರ್ತಿ: ಡಿಸೆಂಬರ್‌ನಲ್ಲಿ ನಡೆಯುವ ಎನ್5 ಪರೀಕ್ಷೆಗೆ (ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಆರಂಭಿಕ ಹಂತ) ಓದುತ್ತಿದ್ದೇನೆ. ‘ಆ ಪುಸ್ತಕದ ಬೆಲೆ ಜಾಸ್ತಿ ಇತ್ತು’ ಎನ್ನಲು ‘ಅನೊ ಹೊನ್ ವ ತಕಾಇ ದೆಶಿತ’ ಎಂದು ಬರೆದಿದ್ದೆ. ಶಿಕ್ಷಕಿ ಅದನ್ನು ಹೊಡೆದುಹಾಕಿ ‘ತಕಾಕತ್ತ ದೆಸು’ ಎಂದು ತಿದ್ದಿದರು. ‘ಗಕುಸೇಇ ದೆಶಿತ’ (ವಿದ್ಯಾರ್ಥಿಯಾಗಿದ್ದೆ) ಸರಿಯಾಗುವುದಾದರೆ ಇದೇಕೆ ಸರಿಯಲ್ಲ?

ಪದಶೋಧಕ: ಈ ತಪ್ಪಿನ ಬೇರು ನಮ್ಮ ಕನ್ನಡದಲ್ಲಿದೆ. ‘ಜಾಸ್ತಿ’, ‘ಎತ್ತರ’ ಎಂಬ ಪದಗಳು ಕಾಲವನ್ನು ಸೂಚಿಸುವುದಿಲ್ಲ, ಆ ಹೊರೆಯನ್ನು ‘ಇತ್ತು’ ಹೊರುತ್ತದೆ. ‘ಇ’ಯಲ್ಲಿ ಕೊನೆಗೊಳ್ಳುವ ಇ-ಗುಣವಾಚಕವಾದ ‘ತಕಾಇ’ (ಬೆಲೆ ಜಾಸ್ತಿ, ಎತ್ತರ) ಹಾಗಲ್ಲ, ಅದು ತಾನೇ ರೂಪ ಬದಲಿಸುತ್ತದೆ: ತಕಾಕತ್ತ (ಜಾಸ್ತಿ ಇತ್ತು), ತಕಾಕುನಾಇ (ಜಾಸ್ತಿ ಇಲ್ಲ), ತಕಾಕುನಾಕತ್ತ (ಜಾಸ್ತಿ ಇರಲಿಲ್ಲ). ಸ್ವಾರಸ್ಯವೆಂದರೆ ‘ಕತ್ತ’ ಹುಟ್ಟಿದ್ದೇ ‘ಕು’ ಮತ್ತು ಇರುವಿಕೆಯ ಕ್ರಿಯಾಪದದ ಭೂತರೂಪವಾದ ‘ಅತ್ತ’ ಸೇರಿ. ಅಂದರೆ ನೀವು ಹುಡುಕುತ್ತಿರುವ ‘ಇತ್ತು’ ಆ ಪದದೊಳಗೇ ಕರಗಿ ಕುಳಿತಿದೆ. ಕೊನೆಯ ‘ದೆಸು’ ಕೇವಲ ಮರ್ಯಾದೆಗೆ. ಗೆಳೆಯರ ನಡುವೆ ‘ತಕಾಕತ್ತ’ ಎಂದರೆ ವಾಕ್ಯ ಮುಗಿಯಿತು.

ಹಳೆಯ ವಿದ್ಯಾರ್ಥಿನಿ: ಆ ‘ದೆಸು’ ಕೂಡ ಅಲ್ಲಿ ತಡವಾಗಿ ನೆಲೆ ಕಂಡದ್ದು. ‘ತಕಾಇ’ಯ ಹೆಚ್ಚು ವಿನಯದ ‘ತಕೋ ಗೊಜಾಇಮಸು’ ಎಂಬ ರೂಪವೇ ಶಿಷ್ಟವೆಂದು ಎಣಿಸಲಾಗುತ್ತಿದ್ದ ಕಾಲವಿತ್ತು. ಜಪಾನಿನ ಭಾಷಾ ಮಂಡಳಿಯಾದ ಕೊಕುಗೊ ಶಿಂಗಿಕಾಇ 1952ರಲ್ಲಿ ಗೌರವಭಾಷೆಯ ಬಗ್ಗೆ ಸಲಹೆಗಳನ್ನು ನೀಡುವಾಗ ‘ಓಕೀ ದೆಸು’ (ದೊಡ್ಡದು) ಎಂಬಂಥ ರೂಪಗಳನ್ನು ಒಪ್ಪಿಕೊಂಡಿತು.

ಒಸಾಕಾ ಕನ್ನಡಿಗ: ಇವನ್ನು ಗುಣವಾಚಕಗಳೆಂದು ಕಲಿಸುವುದೇ ಗೊಂದಲಕ್ಕೆ ಕಾರಣವೆಂದು ನನಗೆ ಅನ್ನಿಸುತ್ತದೆ. ಕಾಲಕ್ಕೆ ತಕ್ಕಂತೆ ಬದಲಾಗುವ, ನಿಷೇಧರೂಪವುಳ್ಳ, ವಾಕ್ಯವನ್ನು ಒಂಟಿಯಾಗಿ ಮುಗಿಸಬಲ್ಲ ಪದವನ್ನು ಕ್ರಿಯಾಪದವೆಂದೇ ಏಕೆ ಕರೆಯಬಾರದು?

ಪದಶೋಧಕ: ಕರೆಯಬಾರದು, ಸ್ವಾಮಿ. ಅವಕ್ಕೆ ಕ್ರಿಯಾಪದಗಳ ಮರ್ಯಾದೆಯ ಪ್ರತ್ಯಯವಾದ ‘ಮಸು’ ಹತ್ತುವುದಿಲ್ಲ, ಆಜ್ಞಾರೂಪವೂ ಬಳಕೆಯಲ್ಲಿಲ್ಲ. ಜಪಾನಿನ ಶಾಲಾ ವ್ಯಾಕರಣವು ಕ್ರಿಯಾಪದ ಮತ್ತು ಗುಣವಾಚಕಗಳನ್ನು ‘ಯೋಗೆನ್’ ಎಂಬ ಒಂದೇ ಮನೆಯಲ್ಲಿಟ್ಟರೂ ಕೋಣೆಗಳನ್ನು ಬೇರೆಯಾಗಿಯೇ ಉಳಿಸಿದೆ. ವಿಚಿತ್ರವೆಂದರೆ, ನಾಮಪದದಂತೆ ನಡೆದುಕೊಳ್ಳುವ ನ-ಗುಣವಾಚಕಕ್ಕೇ (ಇನ್ನೊಂದು ಪದವನ್ನು ಬಣ್ಣಿಸುವಾಗ ‘ನ’ ಹಚ್ಚಿಕೊಳ್ಳುವ ಗುಂಪು) ಅಲ್ಲಿ ‘ಕೇಇಯೋದೋಶಿ’, ಅಂದರೆ ಗುಣವರ್ಣನೆಯ ಕ್ರಿಯಾಪದ ಎಂಬ ಹೆಸರಿದೆ!

ಹಳೆಯ ವಿದ್ಯಾರ್ಥಿನಿ: ಆ ನ-ಗುಂಪೇ ನಮಗೆ ಹತ್ತಿರದ್ದು. ‘ಕಿರೇಇ ನ ಹನ’ ಎಂಬುದನ್ನು ‘ಸುಂದರವಾದ ಹೂವು’ ಎಂದು ಪದಕ್ಕೆ ಪದ ಜೋಡಿಸಿ ನೋಡಬಹುದು. ‘ಕಿರೇಇ’ಯ ಕೊನೆಯಲ್ಲಿ ‘ಇ’ ಇದೆಯೆಂದು ಮೋಸಹೋಗಿ ನಾನು ತಿಂಗಳುಗಟ್ಟಲೆ ‘ಕಿರೇಕತ್ತ’ ಎನ್ನುತ್ತಿದ್ದೆ; ಸರಿಯಾದದ್ದು ‘ಕಿರೇಇ ದೆಶಿತ’. ನಿಮ್ಮ ‘ದೆಶಿತ’ಕ್ಕೆ ತಕ್ಕ ಜಾಗ ಅದು, ಕಲಿಕಾರ್ತಿಯವರೇ. ಹಾಗೆಯೇ ‘ಈ’ (ಒಳ್ಳೆಯದು) ಭೂತಕಾಲದಲ್ಲಿ ತನ್ನ ಹಳೆಯ ರೂಪವಾದ ‘ಯೊಇ’ಗೆ ಮರಳಿ ‘ಯೊಕತ್ತ’ ಆಗುವುದನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಒಸಾಕಾ ಕನ್ನಡಿಗ: ಆದರೆ ಇಲ್ಲಿಯ ಹುಡುಗರ ಬಾಯಲ್ಲಿ ಗೋಡೆ ಅಷ್ಟು ಗಟ್ಟಿಯಾಗಿಲ್ಲ. ‘ಚಿಗೌ’ (ಬೇರೆಯಾಗಿರು) ಅಪ್ಪಟ ಕ್ರಿಯಾಪದ, ಅದರ ಭೂತರೂಪ ‘ಚಿಗತ್ತ’. ಆದರೂ ‘ಚಿಗಕತ್ತ’ ಎಂದು ಅದನ್ನು ಗುಣವಾಚಕದಂತೆ ಬಾಗಿಸುವುದನ್ನು ಕೇಳುತ್ತಿರುತ್ತೇನೆ.

ಪದಶೋಧಕ: ಅದು ಆಡುಮಾತು, ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ. ಅಲ್ಲದೆ ಅರ್ಥದಿಂದ ಗುಣವಾಚಕದತ್ತ ವಾಲಿದ ಒಂದು ಕ್ರಿಯಾಪದವನ್ನು ತೋರಿಸಿದ ಮಾತ್ರಕ್ಕೆ ಎರಡು ವರ್ಗಗಳು ಒಂದಾಗುವುದಿಲ್ಲ.

ಕಲಿಕಾರ್ತಿ: ರೂಪದ ವಿಷಯ ತಿಳಿಯಿತು. ‘ನಿನ್ನೆ ನನಗೆ ಚಳಿಯಾಗಿತ್ತು’ ಎನ್ನಲು ‘ಸಮುಕತ್ತ ದೆಸು’ ಎಂದದ್ದನ್ನು ಶಿಕ್ಷಕಿ ಒಪ್ಪಿದರು. ಅಮ್ಮನ ಬಗ್ಗೆ ಅದನ್ನೇ ಬರೆದಾಗ ಮಾತ್ರ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಹಳೆಯ ವಿದ್ಯಾರ್ಥಿನಿ: ನಾವು ‘ನನಗೆ ಚಳಿ’, ‘ಅಮ್ಮನಿಗೆ ಚಳಿ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಜಪಾನಿಯಲ್ಲಿ ‘ಸಮುಇ’ (ಚಳಿ), ‘ಉರೆಶೀ’ (ಸಂತೋಷ), ‘ಹೊಶೀ’ (ಬೇಕು) ಮುಂತಾದವು ಅನುಭವಿಸಿದವರೇ ಆಡಬೇಕಾದ ಮಾತುಗಳು. ಇನ್ನೊಬ್ಬರ ಒಳಗಿನದನ್ನು ನಾವು ಹೊರಗಿನಿಂದ ಕಾಣಬಲ್ಲೆವಷ್ಟೇ. ಆದ್ದರಿಂದ ‘ಇ’ ತೆಗೆದು ‘ಗರು’ ಸೇರಿಸಿ ‘ಹಹ ವ ಸಮುಗತ್ತೆ ಇಮಶಿತ’ ಎಂದರೆ, ಅಮ್ಮ ಚಳಿಯಿಂದ ಮುದುಡುತ್ತಿದ್ದುದು ನಮಗೆ ಕಾಣುತ್ತಿತ್ತು ಎಂಬ ಭಾವ ಬರುತ್ತದೆ.

ಪದಶೋಧಕ: ಒಸಾಕಾದವರು ಗಮನಿಸಬೇಕು: ‘ಗರು’ ಸೇರಿದ ಕೂಡಲೇ ಅದು ‘ಸಮುಗರಿಮಸು’ ಎಂದು ‘ಮಸು’ ಹಚ್ಚಿಕೊಳ್ಳುತ್ತದೆ. ‘ಸಮುಇ’ ಮೊದಲೇ ಕ್ರಿಯಾಪದವಾಗಿದ್ದರೆ, ಕ್ರಿಯಾಪದವಾಗಲು ಅದಕ್ಕೆ ಈ ಪ್ರತ್ಯಯ ಏಕೆ ಬೇಕಿತ್ತು?

ಒಸಾಕಾ ಕನ್ನಡಿಗ: ಈ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ‘ತಕಾಇ ದೆಶಿತ’ ಬರೆಯುವ ಕೈಯನ್ನು ತಡೆಯಲು ನಾನು ಮೊದಲ ವಾರ ಕ್ರಿಯಾಪದವೆಂದೇ ಹೇಳಿಕೊಡುತ್ತೇನೆ, ‘ಗರು’ ಬಂದ ದಿನ ತಿದ್ದಿಕೊಂಡರಾಯಿತು.