ನನ್ನ ಪ್ರೋಗ್ರಾಮ್ ಓಡಿಸಿದ್ದು ಯಾರು ಅಂತ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತಿಳಿಯೋದು ಹೇಗೆ?

ಅಚ್ಚುಮನೆ_ಗದಗ:

ನಮಸ್ಕಾರ. ಗದಗಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹಳೇ ನುಡಿ ಫಾಂಟಿನ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಚಿಕ್ಕ ಪೈಥಾನ್ ಪ್ರೋಗ್ರಾಮ್ ಬರೆದಿದ್ದೇನೆ. ಅಂಗಡಿಯವರು ಡಬಲ್ ಕ್ಲಿಕ್ ಮಾಡಿ ಓಡಿಸುತ್ತಾರೆ. ಕಪ್ಪು ಸ್ಕ್ರೀನ್ ಬಂದ ಹಾಗೇ ಹೋಗಿಬಿಡುತ್ತದೆ. ಕೆಲಸ ಆಯ್ತೋ, ಎರರ್ ಬಂತೋ ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕೆ ಕೊನೆಯಲ್ಲಿ "ಎಂಟರ್ ಒತ್ತಿ" ಅಂತ ಸೇರಿಸಿದೆ. ಈಗ ಇನ್ನೊಂದು ಪೇಚು. ನಾನು ಕಮಾಂಡ್ ಪ್ರಾಂಪ್ಟಿನಿಂದ ಒಂದು ಫೋಲ್ಡರ್ ಪೂರ್ತಿ ಓಡಿಸಿದರೆ ಪ್ರತಿ ಫೈಲಿಗೂ ಎಂಟರ್ ಒತ್ತುತ್ತಾ ಕೂರಬೇಕು.

ಪ್ಯಾರೆಂಟ್ ಪ್ರೋಸೆಸ್ (ನನ್ನ ಪ್ರೋಗ್ರಾಮನ್ನು ಓಡಿಸಿದ ಪ್ರೋಗ್ರಾಮ್) ಹೆಸರು ಎಕ್ಸ್‌ಪ್ಲೋರರ್, ಅಂದರೆ ವಿಂಡೋಸಿನ ಫೋಲ್ಡರ್ ಕಿಟಕಿ, ಆಗಿದ್ದರೆ ಮಾತ್ರ ನಿಲ್ಲು ಅಂತ ಬರೆದೆ. ನನ್ನ ಮಷೀನಿನಲ್ಲಿ ಸರಿಯಾಗಿತ್ತು. ಪೈಥಾನ್ ಪ್ರೋಗ್ರಾಮನ್ನು ಇಎಕ್ಸ್‌ಇ ಮಾಡುವ ಪೈಇನ್‌ಸ್ಟಾಲರ್‌ನಲ್ಲಿ ಒಂದೇ ಫೈಲಿನ (ಒನ್‌ಫೈಲ್) ಇಎಕ್ಸ್‌ಇ ಮಾಡಿ ಕೊಟ್ಟರೆ ಪ್ಯಾರೆಂಟ್ ಅಂತ ನನ್ನ ಪ್ರೋಗ್ರಾಮಿನ ಹೆಸರೇ ಬರುತ್ತಿದೆ! ಮಾಲೀಕರ ಮ್ಯಾಕ್‌ನಲ್ಲಿ ಹೇಗೆ ಓಡಿಸಿದರೂ ಶೆಲ್ (ಟರ್ಮಿನಲ್ ಒಳಗೆ ಕಮಾಂಡ್ ಓಡಿಸುವ ಪ್ರೋಗ್ರಾಮ್) ಹೆಸರು. ಮನೆಯ ಉಬುಂಟುವಿನಲ್ಲಿ ಹಿನ್ನೆಲೆಯಲ್ಲಿ ಓಡಿಸಿ ಟರ್ಮಿನಲ್ ಮುಚ್ಚಿದೆ. ಪಿಪಿಐಡಿ (ಪ್ಯಾರೆಂಟ್‌ನ ನಂಬರ್) 1 ಆಗಬೇಕಿತ್ತಲ್ವಾ, 1874 ಅಂತ ತೋರಿಸುತ್ತಿದೆ. ಮೂರಕ್ಕೂ ಆಗುವ ಒಂದು ದಾರಿ ಇದ್ದರೆ ಹೇಳಿ.

ಬೈಟು_ಕಾಫಿ:

ಪಿಎಸ್‌ಯುಟಿಲ್ ಅನ್ನೋ ಪೈಥಾನ್ ಲೈಬ್ರರಿ ಹಾಕಿಕೊಳ್ಳಿ ಗುರುವೇ. ಮೂರು ಓಎಸ್‌ನಲ್ಲೂ ಒಂದೇ ಸಾಲು, ಪ್ಯಾರೆಂಟ್ ಸಿಗುತ್ತದೆ. ಅದರ ಪ್ಯಾರೆಂಟ್, ಅದರ ಪ್ಯಾರೆಂಟ್ ಅಂತ ಮೇಲಕ್ಕೆ ಹತ್ತುತ್ತಾ ಹೋಗಿ, ಎಕ್ಸ್‌ಪ್ಲೋರರ್ ಸಿಕ್ಕರೆ ಡಬಲ್ ಕ್ಲಿಕ್.

ಶಾಲ್ಮಲಾ_ತೀರ:

ಹತ್ತುತ್ತಾ ಹೋದರೆ ಡಬಲ್ ಕ್ಲಿಕ್ ಅಲ್ಲದಿದ್ದರೂ ಎಕ್ಸ್‌ಪ್ಲೋರರ್ ಸಾಮಾನ್ಯವಾಗಿ ಸಿಗುತ್ತದೆ ರೀ. ಕಮಾಂಡ್ ಪ್ರಾಂಪ್ಟನ್ನು ಸ್ಟಾರ್ಟ್ ಮೆನುವಿನಿಂದ ತೆರೆದರೆ ಅದರ ಪ್ಯಾರೆಂಟೂ ಎಕ್ಸ್‌ಪ್ಲೋರರೇ.

ಗದಗಿನವರ ಒಂದೊಂದು ಒಗಟಿಗೂ ಉತ್ತರ ಇದೆ. ಒನ್‌ಫೈಲ್ ಇಎಕ್ಸ್‌ಇ ಮೊದಲು ತನ್ನನ್ನು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡು, ಆಮೇಲೆ ತನ್ನದೇ ಇನ್ನೊಂದು ಪ್ರತಿಯನ್ನು ಓಡಿಸುತ್ತದೆ. ನಿಮ್ಮ ಪೈಥಾನ್ ಕೋಡ್ ಇರೋದು ಎರಡನೆಯದರಲ್ಲಿ. ಅದಕ್ಕೇ ಪ್ಯಾರೆಂಟ್ ಹೆಸರೂ ಅದೇ.

1874 ಯಾರು ಅಂತ ಪಿಎಸ್ ಕಮಾಂಡ್ (ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ) ಹಾಕಿ ನೋಡಿ, ಬಹುತೇಕ ನಿಮ್ಮ ಲಾಗಿನ್ನಿನ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಯೂಸರ್ ಪ್ರೋಸೆಸ್ ಇರುತ್ತದೆ. ಪ್ಯಾರೆಂಟ್ ಸತ್ತರೆ ಮಗು ಇನಿಟ್ (1ನೇ ನಂಬರಿನ ಮೊದಲ ಪ್ರೋಸೆಸ್) ಪಾಲಿಗೆ ಅನ್ನೋದು ಹಳೇ ಮಾತು. ಲಿನಕ್ಸ್ 3.4ರಿಂದ ನಡುವಿನ ಯಾವುದಾದರೂ ಪ್ರೋಸೆಸ್ "ಅನಾಥರನ್ನು ನನಗೆ ಕೊಡಿ" ಅಂತ ಕರ್ನಲ್‌ಗೆ ಹೇಳಿಕೊಳ್ಳಬಹುದು. ಸಬ್‌ರೀಪರ್ ಅನ್ನುತ್ತಾರೆ. ಆದ್ದರಿಂದ "ಪಿಪಿಐಡಿ 1 ಆದರೆ ಅನಾಥ" ಅನ್ನುವ ಪರೀಕ್ಷೆಯನ್ನು ಕೋಡಿನಲ್ಲಿ ಇಡಬೇಡಿ. ಕಂಟೇನರ್ (ಪ್ರೋಗ್ರಾಮನ್ನು ಪ್ರತ್ಯೇಕವಾಗಿಟ್ಟು ಓಡಿಸುವ ವ್ಯವಸ್ಥೆ) ಒಳಗೆ 0 ಕೂಡ ಬರುತ್ತದೆ, ಪ್ಯಾರೆಂಟ್ ಹೊರಗಿನ ಪಿಐಡಿ ನೇಮ್‌ಸ್ಪೇಸಿನಲ್ಲಿ, ಅಂದರೆ ಬೇರೆ ನಂಬರ್ ಪಟ್ಟಿಯಲ್ಲಿದ್ದರೆ.

ವಿಂಡೋಸ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಪ್ಯಾರೆಂಟ್ ಸತ್ತರೂ ನಂಬರ್ ಬದಲಾಗುವುದಿಲ್ಲ. ಆ ನಂಬರನ್ನು ಆಮೇಲೆ ಬೇರೆ ಯಾವುದೋ ಪ್ರೋಸೆಸ್‌ಗೆ ಕೊಟ್ಟಿರಬಹುದು. ಪೈಥಾನ್‌ನ ಗೆಟ್‌ಪಿಪಿಐಡಿ ಫಂಕ್ಷನ್ ಪೈಥಾನ್ 3.2ರಿಂದ ವಿಂಡೋಸಿನಲ್ಲೂ ಇದೆ, ಆದರೆ ಕೊಡೋದು ಬರೀ ಈ ನಂಬರ್. ಪಿಎಸ್‌ಯುಟಿಲ್ ಒಂದು ಹೆಜ್ಜೆ ಮುಂದೆ ಹೋಗಿ ಇಬ್ಬರೂ ಶುರುವಾದ ಸಮಯ ಹೋಲಿಸುತ್ತದೆ. ಮಗನಿಗಿಂತ ಅಪ್ಪ ಚಿಕ್ಕವನಾದರೆ ಅವನು ಅಪ್ಪ ಅಲ್ಲ, ಅಷ್ಟೇ. ಇನ್ನೊಂದು: ವಿಸ್ಟಾದಿಂದ ಈಚೆಗೆ, ಪ್ರೋಸೆಸ್ ಹುಟ್ಟಿಸುವವರು ಬೇರೆಯವರನ್ನು ಪ್ಯಾರೆಂಟ್ ಅಂತ ಬರೆಸಬಹುದು. ಭದ್ರತೆಯ ವಿಷಯಕ್ಕೆ ಪ್ಯಾರೆಂಟ್ ಹೆಸರನ್ನು ನಂಬಲೇಬೇಡಿ.

ಲಿನಕ್ಸಿನಲ್ಲಿ ಪ್ರೋಕ್ (ಪ್ರೋಸೆಸ್‌ಗಳ ವಿವರ ಫೈಲುಗಳಾಗಿ ಸಿಗುವ ಫೋಲ್ಡರ್) ಓದಿ ನೀವೇ ಬಿಡಿಸಿಕೊಳ್ಳುವ ಯೋಚನೆ ಇದ್ದರೆ ಇದನ್ನು ನೋಡಿ. ಸ್ಟ್ಯಾಟ್ ಫೈಲಿನಲ್ಲಿ ನಾಲ್ಕನೆಯದು ಪಿಪಿಐಡಿ ಅಂತ ಎಲ್ಲರೂ ಹೇಳುತ್ತಾರೆ. ಯಾರೋ ನಿಮ್ಮ ಪ್ರೋಗ್ರಾಮನ್ನು ಎರಡು ಸಲ ಡೌನ್‌ಲೋಡ್ ಮಾಡಿದ್ದಾರೆ, ಹೆಸರು "nudi (1)" ಆಗಿದೆ ಅಂದುಕೊಳ್ಳಿ. ಸಾಲು ಹೀಗಿರುತ್ತದೆ:

4312 (nudi (1)) ಎಸ್ 1874 ...

ಸ್ಪೇಸ್ ನೋಡಿ ಒಡೆದರೆ ನಾಲ್ಕನೆಯದಾಗಿ ಎಸ್ ಸಿಗುತ್ತದೆ, ಅದು ಪ್ರೋಸೆಸ್‌ನ ಸ್ಥಿತಿ. ಸಾಲಿನ ಕಟ್ಟಕಡೆಯ ಮುಚ್ಚುವ ಬ್ರಾಕೆಟ್ ಹುಡುಕಿ, ಅಲ್ಲಿಂದ ಮುಂದೆ ಎಣಿಸಬೇಕು. ಸುಮ್ನೆ ಯಾಕೆ ತಲೆನೋವು, ಪಕ್ಕದ ಸ್ಟೇಟಸ್ ಫೈಲಿನಲ್ಲಿ ಪಿಪಿಐಡಿಗೇ ಒಂದು ಸಾಲಿದೆ. ಅದನ್ನೇ ಓದಿ.

ಹೆಸರಿನ ಮೇಲೂ ಭರವಸೆ ಬೇಡ. ಲಿನಕ್ಸ್ ಆ ಜಾಗದಲ್ಲಿ ಇಡೋದು 15 ಬೈಟ್ ಮಾತ್ರ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್, ಗುಣಿತ ಚಿಹ್ನೆಗೂ ಸೇರಿ. "ನುಡಿಪರಿವರ್ತಕ" ಅಂತ ಚೆಂದದ ಹೆಸರಿಟ್ಟರೆ ಅಲ್ಲಿ ಉಳಿಯೋದು "ನುಡಿಪ".

ಇಷ್ಟೆಲ್ಲ ಇದ್ದರೂ ನಿಮಗೆ ಬೇಕಾಗಿರೋದು ಪ್ಯಾರೆಂಟ್ ಅಲ್ಲ. "ನಾನು ಮುಗಿದ ಕೂಡಲೇ ಈ ಕಿಟಕಿ ಮುಚ್ಚಿಹೋಗುತ್ತದಾ?" ಅನ್ನೋದೇ ನಿಮ್ಮ ಪ್ರಶ್ನೆ. ವಿಂಡೋಸಿಗೆ ಅದನ್ನೇ ಕೇಳಿ. ಗೆಟ್‌ಕನ್ಸೋಲ್‌ಪ್ರೋಸೆಸ್‌ಲಿಸ್ಟ್ ಅಂತ ಒಂದು ಫಂಕ್ಷನ್ ಇದೆ, ಪೈಥಾನ್‌ನ ಸಿಟೈಪ್ಸ್ ಮಾಡ್ಯೂಲಿನಿಂದ ಕರೆಯಬಹುದು. ಈ ಕನ್ಸೋಲಿಗೆ (ಆ ಕಪ್ಪು ಕಿಟಕಿಗೆ) ಎಷ್ಟು ಪ್ರೋಸೆಸ್ ಅಂಟಿಕೊಂಡಿವೆ ಅಂತ ಹೇಳುತ್ತದೆ. ನೀವೊಬ್ಬರೇ ಇದ್ದರೆ ಕಿಟಕಿ ನಿಮಗಾಗಿಯೇ ತೆರೆದದ್ದು, ನಿಮ್ಮ ಜೊತೆಗೇ ಹೋಗುತ್ತದೆ. ಕಮಾಂಡ್ ಪ್ರಾಂಪ್ಟಿನಿಂದ ಬಂದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಒನ್‌ಫೈಲ್‌ನಲ್ಲಿ ನೀವೇ ಇಬ್ಬರು, ಹಾಗಾಗಿ ಡಬಲ್ ಕ್ಲಿಕ್‌ಗೆ 2, ಪ್ರಾಂಪ್ಟಿನಿಂದ 3. ಪೈ ಲಾಂಚರ್ (ವಿಂಡೋಸಿನಲ್ಲಿ ಪೈಥಾನನ್ನು ಶುರು ಮಾಡುವ ಪ್ರೋಗ್ರಾಮ್) ಮೂಲಕ ಓಡುವ ಸ್ಕ್ರಿಪ್ಟಿಗೂ ಇದೇ ಲೆಕ್ಕ.

ಮಲ್ನಾಡ್_ಮ್ಯಾಕ್:

ಮ್ಯಾಕ್ ಬಗ್ಗೆ ಒಂದು ಮಾತು. ಅಲ್ಲಿ ಪ್ರೋಕ್ ಫೋಲ್ಡರ್ ಇಲ್ಲವೇ ಇಲ್ಲ. ಪಿಎಸ್ ಕಮಾಂಡ್ ಅಥವಾ ಸಿಸ್ಟಮ್ ಮಾಹಿತಿ ಕೊಡುವ ಸಿಸ್‌ಕಂಟ್ರೋಲನ್ನು ಕೇಳಬೇಕು. ಫೈಂಡರ್‌ನಲ್ಲಿ ಆ್ಯಪ್ ತೆರೆದರೆ ಪ್ಯಾರೆಂಟ್ ಲಾಂಚ್‌ಡಿ (ಮ್ಯಾಕ್‌ನ 1ನೇ ಪ್ರೋಸೆಸ್) ಆಗಿರುತ್ತದೆ, ಫೈಂಡರ್ ಅಲ್ಲ. ಕಮಾಂಡ್ ಎಕ್ಸ್‌ಟೆನ್ಷನ್ ಇರುವ ಫೈಲ್ ಡಬಲ್ ಕ್ಲಿಕ್ ಮಾಡಿದರೆ ಟರ್ಮಿನಲ್ ತೆರೆದುಕೊಂಡು ಶೆಲ್ ಅದನ್ನು ಓಡಿಸುತ್ತದೆ. ಕೈಯಿಂದ ಟೈಪ್ ಮಾಡಿದರೂ ಶೆಲ್ಲೇ. ವ್ಯತ್ಯಾಸ ಹುಡುಕಿ ಪ್ರಯೋಜನ ಇಲ್ಲ.

ಡಬಲ್ ಕ್ಲಿಕ್ ಮಾಡುವವರಿಗೆ ಕೊಡುವ ಆ ಫೈಲಿನಲ್ಲೇ ನಿಮ್ಮ ಪ್ರೋಗ್ರಾಮನ್ನು "--ನಿಲ್ಲು" ಅನ್ನುವ ಆಪ್ಷನ್ ಹಾಕಿ ಕರೆಯಿರಿ. ಲಿನಕ್ಸಿನಲ್ಲಿ ಡೆಸ್ಕ್‌ಟಾಪ್ ಫೈಲ್, ವಿಂಡೋಸಿನಲ್ಲಿ ಶಾರ್ಟ್‌ಕಟ್. ಯಾರನ್ನೂ ಪತ್ತೆ ಮಾಡುವುದೇ ಬೇಡ.

ಅಚ್ಚುಮನೆ_ಗದಗ:

ಅಕ್ಕಾ, ಕನ್ಸೋಲ್ ಲೆಕ್ಕ ನೋಡಿದೆ. ಒನ್‌ಫೈಲ್‌ಗೆ ನೀವು ಹೇಳಿದಂತೆ 2, 3 ಬಂತು. ಆದರೆ ರಾತ್ರಿ ಟಾಸ್ಕ್ ಶೆಡ್ಯೂಲರ್‌ನಿಂದಲೂ ಓಡಿಸುವ ಆಸೆ ಇದೆ. ಆಗ?

ಶಾಲ್ಮಲಾ_ತೀರ:

ಆಗ ಕನ್ಸೋಲ್ ಲೆಕ್ಕ ಕೈಕೊಡುತ್ತದೆ. ಶೆಡ್ಯೂಲರ್ ಓಡಿಸಿದಾಗಲೂ ನಿಮಗೆ ಹೊಸ ಕನ್ಸೋಲ್ ಸಿಗುತ್ತದೆ, ಡಬಲ್ ಕ್ಲಿಕ್ ಥರಾನೇ ಕಾಣುತ್ತದೆ. ಬೆಳಗ್ಗೆ ಬಂದು ನೋಡಿದರೆ ಮೊದಲ ಫೈಲ್ ಮುಗಿಸಿ ಎಂಟರ್‌ಗೆ ಕಾಯುತ್ತಾ ಕೂತಿರುತ್ತದೆ. ಮಲ್ನಾಡ್ ಅವರ ದಾರಿಯೇ ವಾಸಿ: ಹೇಳದಿದ್ದರೆ ನಿಲ್ಲಬಾರದು, "--ನಿಲ್ಲು" ಅಂದರೆ ಮಾತ್ರ ನಿಲ್ಲಬೇಕು. ಅಂಗಡಿಯವರಿಗೆ ಶಾರ್ಟ್‌ಕಟ್ ಕೊಡಿ. ನುಡಿ ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೂ ಆಪ್ಷನ್ ಜೊತೆಗೇ ಫೈಲಿನ ಹೆಸರೂ ಹೋಗುತ್ತದೆ. ಇಎಕ್ಸ್‌ಇಯನ್ನು ಅವರ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿಡಿ.