ಹಚ್ಚುವವರು ಯಾರು?

ನೀರು ತುಂಬುವ ಹಬ್ಬದ ದಿನ ನಮ್ಮ ‘ಹಳೆಮನೆ ಬಳಗ’ ಗುಂಪಿನಲ್ಲಿ ನಡೆದ ಮಾತುಕತೆ ಇದು. ದೀಪದ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ. ಹೆಸರುಗಳು ನನ್ನ ಮೊಬೈಲಿನಲ್ಲಿ ಇರುವ ಹಾಗೆಯೇ ಇವೆ.

ದೊಡ್ಡಪ್ಪ (ಸಾಗರ): [ಫಾರ್ವರ್ಡ್] ನಿತ್ಯ ಅಭ್ಯಂಗ ಮಾಡಿ, ಔಷಧ ಬಿಡಿ! ಎಣ್ಣೆ ಚರ್ಮದ ರಂಧ್ರಗಳಿಂದ ಒಳಗೆ ಇಳಿದು ದೇಹದ ವಿಷವನ್ನೆಲ್ಲ ಹೊರದೂಡುತ್ತದೆ. 21 ದಿನಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಮಾಯ. ಹತ್ತು ಜನರಿಗೆ ತಲುಪಿಸಿ.

ದೊಡ್ಡಪ್ಪ (ಸಾಗರ): ನಾಳೆ ಎಣ್ಣೆ ಸ್ನಾನ. ಅಷ್ಟರೊಳಗೆ ಎಲ್ಲರೂ ಓದಿಕೊಳ್ಳಿ. ಹಿರಿಯರು ಸುಮ್ಮನೆ ಹೇಳಿಲ್ಲ.

ಅಣ್ಣ (ಸಿಂಗಪುರ): ದೊಡ್ಡಪ್ಪ, ವಿಷ ಹೊರಹಾಕಲು ಯಕೃತ್ತು, ಮೂತ್ರಪಿಂಡ ಇವೆ. ಚರ್ಮ ಇರುವುದೇ ಹೊರಗಿನದನ್ನು ಹೊರಗೇ ತಡೆಯಲು. ಎಣ್ಣೆಯಲ್ಲಿ ಮುಳುಗಿದವರೆಲ್ಲ ಶುದ್ಧರಾಗುವುದಾದರೆ ಉಪ್ಪಿನಕಾಯಿಗಿಂತ ಆರೋಗ್ಯವಂತರು ಯಾರೂ ಇಲ್ಲ.

ಅತ್ತೆ (ಹೊನ್ನಾವರ): ಅಪಹಾಸ್ಯ ಬೇಡ. ನಿನ್ನನ್ನು ಮೂರು ತಿಂಗಳು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿದವಳು ನಾನು. ಹಾಕಿದ ಮೇಲೆ ಮೂರು ಗಂಟೆ ಕದಲದೆ ಮಲಗುತ್ತಿದ್ದೆ.

ಅಣ್ಣ (ಸಿಂಗಪುರ): ನಿದ್ದೆ ಬರುವುದಿಲ್ಲ ಎಂದು ನಾನು ಎಲ್ಲಿ ಹೇಳಿದೆ ಅತ್ತೆ? ತಿಕ್ಕಿಸಿಕೊಂಡರೆ ಬಿಗಿದ ಮೈ ಸಡಿಲವಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಮನಸ್ಸಿನ ಗಾಬರಿ ಇಳಿಯುತ್ತದೆ. ಬೆನ್ನುನೋವಿಗೂ ಸ್ವಲ್ಪ ಕಾಲ ಆರಾಮ. ‘ಔಷಧ ಬಿಡಿ’ ಎಂಬ ಎರಡು ಪದಗಳ ಮೇಲೆ ನನ್ನ ತಕರಾರು.

ದೊಡ್ಡಪ್ಪ (ಸಾಗರ): ಮನೆಯಲ್ಲೇ ಆಯುರ್ವೇದದ ವೈದ್ಯೆ ಇರುವಾಗ ನಿನ್ನ ತಕರಾರು ಯಾರಿಗೆ ಬೇಕು? ಪುಟ್ಟೀ, ಬಾ. ಹೇಳು ಇವನಿಗೆ.

(ದೊಡ್ಡಪ್ಪ ತಮ್ಮ ಕಡೆಯ ಸಾಕ್ಷಿಯನ್ನು ಕರೆದೆ ಎಂದುಕೊಂಡಿದ್ದರು. ಸಾಕ್ಷಿ ಬರಲು ನಲವತ್ತು ನಿಮಿಷ ಹಿಡಿಯಿತು.)

ಅಕ್ಕ (ಹಾಸನ): ರೋಗಿಗಳಿದ್ದರು. ದೊಡ್ಡಪ್ಪ, ನಮ್ಮ ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯ, ಅದರ ಸೂತ್ರಸ್ಥಾನ, ಎರಡನೆಯ ಅಧ್ಯಾಯ. ಅಭ್ಯಂಗ ನಿತ್ಯವೂ ಆಗಬೇಕು ಎಂದೇ ವಾಗ್ಭಟ ಹೇಳುತ್ತಾನೆ. ಮುಪ್ಪು, ಆಯಾಸ, ವಾತ ಕಳೆಯುತ್ತದೆ. ಕಣ್ಣಿಗೆ, ಮೈಕಟ್ಟಿಗೆ, ಆಯುಸ್ಸಿಗೆ, ನಿದ್ದೆಗೆ, ಚರ್ಮಕ್ಕೆ ಒಳ್ಳೆಯದು. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಿ ಎನ್ನುತ್ತಾನೆ.

ದೊಡ್ಡಪ್ಪ (ಸಾಗರ): ಕೇಳಿಸಿತೇ ಸಿಂಗಪುರ?

ಅಕ್ಕ (ಹಾಸನ): ಮುಂದಿನ ಸಾಲನ್ನೂ ಕೇಳಿ. ಕಫ ಹೆಚ್ಚಿದವರು, ವಾಂತಿ ಭೇದಿ ಮಾಡಿಸುವ ವಮನ ವಿರೇಚನಗಳಂಥ ಶೋಧನೆ ಆಗಷ್ಟೇ ಮಾಡಿಸಿಕೊಂಡವರು, ಅಜೀರ್ಣ ಇರುವವರು ಎಣ್ಣೆ ಹಚ್ಚಕೂಡದು. ಫಾರ್ವರ್ಡ್ ಬರೆಯುವವರು ಈ ಸಾಲನ್ನು ತಪ್ಪದೆ ನುಂಗುತ್ತಾರೆ. 21 ದಿನಗಳ ಲೆಕ್ಕ ಅಲ್ಲಿಲ್ಲ, ಸಕ್ಕರೆ ಕಾಯಿಲೆಯ ಹೆಸರೂ ಆ ಪಟ್ಟಿಯಲ್ಲಿಲ್ಲ. ನನ್ನ ರೋಗಿಗಳಿಗೆ ಎಣ್ಣೆಯನ್ನೂ ಹಚ್ಚಿಸುತ್ತೇನೆ, ಮಾತ್ರೆಯನ್ನೂ ನುಂಗಿಸುತ್ತೇನೆ. ಅತ್ತೆ, ನೀವು ಮಕ್ಕಳ ಮೂಗಿಗೆ ಹರಳೆಣ್ಣೆ ಬಿಡುತ್ತಿದ್ದಿರಿ. ಇನ್ನು ಯಾರ ಮಗುವಿಗೂ ಬಿಡಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಅತ್ತೆ (ಹೊನ್ನಾವರ): ನಿಮ್ಮಲ್ಲಿ ಯಾರಿಗೆ ಏನಾಯಿತು ಹೇಳು?

ಅಕ್ಕ (ಹಾಸನ): ನಮಗೆ ಏನೂ ಆಗಲಿಲ್ಲ ಅತ್ತೆ. ಆದವರು ನಮ್ಮ ಗುಂಪಿನಲ್ಲಿ ಇಲ್ಲ, ಅಷ್ಟೇ.

ದೊಡ್ಡಮ್ಮ (ಸಾಗರ): ನನ್ನದೊಂದು ಪ್ರಶ್ನೆ. 21 ದಿನ ಹಚ್ಚುವವರು ಯಾರು ಎಂದು ಅದರಲ್ಲಿ ಬರೆದಿದೆಯೇ? ನಾಲ್ಕು ದಿನದಿಂದ ಇವರ ಎಡಗಾಲಿನ ಮೀನಖಂಡಕ್ಕೆ ಎಳ್ಳೆಣ್ಣೆ ತಿಕ್ಕಿ ತಿಕ್ಕಿ ನನ್ನ ಮುಂಗೈ ಹಿಡಿದುಕೊಂಡಿದೆ. ಬಚ್ಚಲಿನ ಕಲ್ಲಿನ ಜಿಡ್ಡು ಉಜ್ಜುವವಳೂ ನಾನೇ.

ಅಕ್ಕ (ಹಾಸನ): ಎಡಗಾಲು ಮಾತ್ರವೇ? ಊದಿದೆಯೇ?

ದೊಡ್ಡಮ್ಮ (ಸಾಗರ): ಊದಿದೆ. ಕಾಶಿಯಿಂದ ರೈಲಿನಲ್ಲಿ ಬಂದ ಮೇಲೆ ಶುರುವಾದದ್ದು. ಮುಟ್ಟಿದರೆ ಬಿಸಿ.

ಅಕ್ಕ (ಹಾಸನ): ತಿಕ್ಕುವುದನ್ನು ಈಗಲೇ ನಿಲ್ಲಿಸಿ. ಬಹಳ ಹೊತ್ತು ಕುಳಿತು ಬಂದ ಮೇಲೆ ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದಾಗ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಇಂದೇ ಶಿವಮೊಗ್ಗಕ್ಕೆ ಹೋಗಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ದೊಡ್ಡಪ್ಪ (ಸಾಗರ): ಹಬ್ಬದ ದಿನ ಆಸ್ಪತ್ರೆಯೇ? ಎಣ್ಣೆ ತಿಕ್ಕಿದರೆ ಹಾಯ್ ಎನಿಸುತ್ತಿದೆ.

ಅಕ್ಕ (ಹಾಸನ): ಹಾಯ್ ಎನಿಸುತ್ತದೆ ದೊಡ್ಡಪ್ಪ. ಅದಕ್ಕೇ ನಾಲ್ಕು ದಿನ ಯಾರಿಗೂ ಹೇಳದೆ ಕುಳಿತಿರಿ.

ಅಣ್ಣ (ಸಿಂಗಪುರ): ಇಲ್ಲಿಂದಲೇ ಕಾರು ಬುಕ್ ಮಾಡಿದ್ದೇನೆ. ಹತ್ತು ನಿಮಿಷದಲ್ಲಿ ಅಂಗಳದಲ್ಲಿ ಇರುತ್ತದೆ.

(ಮುಂದಿನ ಆರು ಗಂಟೆ ಗುಂಪಿನಲ್ಲಿ ಯಾರೂ ದೀಪದ ಚಿತ್ರ ಕೂಡ ಹಾಕಲಿಲ್ಲ. ನಾನು ನಾಲ್ಕು ಸಲ ಮೊಬೈಲ್ ತೆಗೆದು ನೋಡಿದೆ.)

ದೊಡ್ಡಮ್ಮ (ಸಾಗರ): ಹೆಪ್ಪು ಇಲ್ಲವಂತೆ. ಮಂಡಿಯ ಹಿಂದೆ ನೀರು ತುಂಬಿದ ಗಂಟೊಂದು ಒಡೆದು ಮೀನಖಂಡಕ್ಕೆ ಇಳಿದಿದೆಯಂತೆ. ತಿಕ್ಕಬಾರದು, ಕಾಲು ಎತ್ತಿ ಇಟ್ಟುಕೊಳ್ಳಬೇಕು ಎಂದರು.

ದೊಡ್ಡಪ್ಪ (ಸಾಗರ): ನೋಡಿದೆಯಾ ಪುಟ್ಟೀ? ಸುಮ್ಮನೆ ಹೆದರಿಸಿದೆ.

ಅಕ್ಕ (ಹಾಸನ): ಹೆದರಿಸಿದೆ. ಮತ್ತೆ ಹೀಗಾದರೆ ಮತ್ತೆ ಹೆದರಿಸುತ್ತೇನೆ.

ದೊಡ್ಡಪ್ಪ (ಸಾಗರ): ಹಾಗಾದರೆ ನಾಳೆಯ ಎಣ್ಣೆ?

ಅಕ್ಕ (ಹಾಸನ): ತಲೆಗೆ, ಕಿವಿಗೆ, ಬಲಪಾದಕ್ಕೆ. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಇಡಬೇಡಿ. ಬಚ್ಚಲಿನಲ್ಲಿ ಮಣೆ ಬೇಡ, ಕುರ್ಚಿ ಹಾಕಿಸಿಕೊಳ್ಳಿ. ಎಣ್ಣೆಕಾಲಿನಲ್ಲಿ ಜಾರಿದರೆ ಸೊಂಟ ಮುರಿಯುತ್ತದೆ. ಅಜೀರ್ಣ ಇಲ್ಲ ತಾನೇ?

ದೊಡ್ಡಮ್ಮ (ಸಾಗರ): ಬರುವಾಗ ದಾರಿಯ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದಿದ್ದಾರೆ.

ಅಕ್ಕ (ಹಾಸನ): ಬೆಳಿಗ್ಗೆ ಬರುವ ತೇಗಿನಲ್ಲಿ ದೋಸೆಯ ವಾಸನೆ ಇದ್ದರೆ ಎಣ್ಣೆ ಇಲ್ಲ, ಬರೀ ನೀರು.

ದೊಡ್ಡಮ್ಮ (ಸಾಗರ): ಹಂಡೆಗೆ ನೀರು ತುಂಬಿ, ಹಿಂಡ್ಲೆಕಾಯಿ ಬಳ್ಳಿ ಕಟ್ಟಿ ಈಗ ಕುಳಿತೆ. ನನ್ನ ಮುಂಗೈಗೆ ಯಾವ ಎಣ್ಣೆ ಪುಟ್ಟೀ? ಹಚ್ಚಲು ಇವರಿಗೆ ಹೇಳಿದ್ದೇನೆ.

ಅಕ್ಕ (ಹಾಸನ): ಮನೆಯಲ್ಲಿರುವ ಎಳ್ಳೆಣ್ಣೆ ಸಾಕು ದೊಡ್ಡಮ್ಮ. ಮೆಲ್ಲಗೆ ಹಚ್ಚಲಿ.

ದೊಡ್ಡಪ್ಪ (ಸಾಗರ): ಎಷ್ಟು ದಿನ?

ಅತ್ತೆ (ಹೊನ್ನಾವರ): 21.