ಅಪ್‌ಡೇಟ್: ಕ್ರಿಸ್‌ಮಸ್ ಉಡುಗೊರೆಗೆ ಮನೆಯ ಕುಸ್ವಾರ್

ಮಂಗಳೂರಿನ ನೆಂಟರಿಗೆ, ನೆರೆಯವರಿಗೆ ಕಡಿಮೆ ಖರ್ಚಿನಲ್ಲಿ ಕ್ರಿಸ್‌ಮಸ್ ಉಡುಗೊರೆ ಏನು ಕೊಡಬಹುದು ಅಂತ ಆಗಸ್ಟ್‌ನಲ್ಲಿ ಕೇಳಿದ್ದೆ. ಕುಸ್ವಾರ್, ಅಂದರೆ ಕ್ರಿಸ್‌ಮಸ್‌ಗೆ ಮಾಡುವ ಬಗೆಬಗೆಯ ತಿಂಡಿಗಳನ್ನು, ಮಾಡಿ ಕೊಡಿ ಅಂದಿರಿ. ಅದನ್ನೇ ಮಾಡುತ್ತಿದ್ದೇವೆ.

ಕೇಕಿಗೆ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಯನ್ನು ಅಕ್ಟೋಬರ್‌ನಲ್ಲೇ ರಮ್‌ನಲ್ಲಿ ನೆನೆಹಾಕಿದೆವು. ಸಾಮಾನು ತಿಂಗಳಿಗಿಷ್ಟು ಅಂತ ಕೊಂಡಿದ್ದರಿಂದ ಡಿಸೆಂಬರ್‌ನಲ್ಲಿ ಕೈ ಕಚ್ಚಲಿಲ್ಲ. ಕಿಡಿಯೊ ಅನ್ನುವ ಕರಿದ ಸಿಹಿತಿಂಡಿ ಆಗಲೇ ಡಬ್ಬ ಸೇರಿದೆ. ಹಿಟ್ಟನ್ನು ಫೋರ್ಕ್ ಬೆನ್ನಿಗೆ ಒತ್ತಿ ಸುರುಳಿ ಮಾಡುವ ಕೆಲಸ ಮಕ್ಕಳದ್ದು. ಎಷ್ಟು ಖುಷಿ ಅವರಿಗೆ! ಗಾಳಿ ಆಡದಂತೆ ಮುಚ್ಚಿಟ್ಟರೆ ಇದು ವಾರಗಟ್ಟಲೆ ಗರಿಗರಿ. ಕರಿಗಡುಬಿನಂಥ ನೆವ್ರಿಯಲ್ಲಿ ಕಾಯಿ ಇರುತ್ತದಲ್ವಾ, ಅದನ್ನು ಹಬ್ಬದ ಹತ್ತಿರವೇ ಕರಿಯುವುದು. ಪ್ಯಾಕಿಂಗ್‌ಗೆ ಹಳೆ ಹಾರ್ಲಿಕ್ಸ್ ಬಾಟಲಿ, ಸೀರೆ ತುಂಡು ಸಾಕು. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.